ಕಪ್ಪು ತಂತಿ

ನೂರೈವತ್ತು ಡಾಲರಿಗೆ ಕೊಂಡ ಹುಲ್ಲು ಕತ್ತರಿಸುವ ಟ್ರಾಕ್ಟರು.
ಮುಖದಲ್ಲಿ ಎರಡು ಗುಳಿ. ಒಂದಾನೊಂದು ಕಾಲಕ್ಕೆ ದೀಪ ಇದ್ದವಂತೆ,
ಯಾವುದೋ ಚಳಿಗಾಲ ಇಲಿ ತಂತಿ ತಿಂದುಕೊಂಡು ಹೋಯಿತಂತೆ.
"ಹಗಲು ಹೊತ್ತು ಕತ್ತರಿಸಿದರಾಯ್ತು" ಅಂದ ಮಾರಿದವನು.
ಹಗಲು ನನ್ನ ಕೈಲಿದ್ದಿದ್ದರೆ, ಮಾರಾಯ,
ಕುರುಡು ಗಾಡಿಗೆ ಚೌಕಾಸಿ ಮಾಡುತ್ತಾ ನಿಲ್ಲುತ್ತಿದ್ದೆನೇ?

ಗಿರಣಿಯಲ್ಲಿ ಹನ್ನೆರಡು ತಾಸು.
ಹಿಟ್ಟು ತೂಗಿ, ಹಿಟ್ಟು ಸುಟ್ಟು, ಉಳಿದ ಬೂದಿ ತೂಗಿ ಬರೆದು
ಕ್ರೀಟ್ ಊರಿನ ಬೀದಿಗೆ ಬೀಳುವಷ್ಟರಲ್ಲಿ
ಬಿಗ್ ಬ್ಲೂ ನದಿಯಾಚೆ ಸೂರ್ಯ ಅಂಗಡಿ ಮುಚ್ಚಿರುತ್ತಾನೆ.
ನೆಬ್ರಾಸ್ಕದ ಹುಲ್ಲಿಗೆ ಪಾಳಿ ಇಲ್ಲ, ರಜೆ ಇಲ್ಲ.
ಎಂಟು ಇಂಚು ಮೀರಿದೆಯೆಂದು ಪುರಸಭೆಯ ಹಳದಿ ಚೀಟಿ
ಬಾಗಿಲ ಹಿಡಿಗೆ, ಎರಡನೇ ಸಲ.

ಪಕ್ಕದ ಮನೆಯ ಹ್ರೂಸ್ಕಾ, ಎಂಬತ್ತೆರಡು,
ರೈಲ್ವೆ ಸಿಗ್ನಲ್ಲು ರಿಪೇರಿ ಮಾಡುತ್ತಲೇ ಮುದುಕನಾದವನು,
ಮಡಚುವ ಕುರ್ಚಿ ತಂದು ನನ್ನ ಗ್ಯಾರೇಜಿನಲ್ಲಿ ಹಾಕಿಕೊಂಡ.
ಕೈ ನಡುಗುತ್ತದೆ. ತೋರಿಸುವುದಷ್ಟೇ ಅವನ ಕೆಲಸ.
ಬೆರಳು ಒಂದೇ ಸಲಕ್ಕೆ ಎರಡು ಮೂರು ಕಡೆ ತೋರಿಸುತ್ತದೆ,
ಆರಿಸಿಕೊಳ್ಳುವುದು ನನ್ನ ಕೆಲಸ.

ಫ್ಲೈವೀಲಿನ ಕೆಳಗೆ ತಾಮ್ರದ ಸುರುಳಿ ತೆಪ್ಪಗೆ ಕೂತಿದೆ,
ಅಯಸ್ಕಾಂತಗಳು ಅದನ್ನು ಸುತ್ತುತ್ತವೆ.
ಮುಟ್ಟುವುದೇ ಇಲ್ಲ. ಸುತ್ತಿದ್ದಕ್ಕೇ ಕರೆಂಟು.
ಹೊರಗೆ ಬರುವುದು ಎರಡು ತಂತಿ:
ಕೆಂಪು, ಡಯೋಡು ದಾಟಿ ಬ್ಯಾಟರಿಗೆ, ಕೂಡಿಡಲಿಕ್ಕೆ;
ಕಪ್ಪು, ದೀಪಕ್ಕೆ.
"ಬೆಳಕಿಗೆ ಕಪ್ಪಾ?" ಎರಡು ಸಲ ಕೇಳಿದೆ.
ಎರಡು ಸಲವೂ ತಲೆಯಾಡಿಸಿದ,
ಅಥವಾ ತಲೆ ತಾನಾಗಿ ಆಡಿತು.

ಇಕ್ಕಳದಲ್ಲಿ ಸಿಪ್ಪೆ ಸುಲಿದೆ. ಹುಣಿಸೆಯ ನಾರಿನಷ್ಟೇ ಹಟ.
ಸ್ವಿಚ್ಚು, ಫ್ಯೂಸು, ಗುಳಿಗೊಂದು ಬಲ್ಬು.
ಕರೆಂಟು ಮರಳುವ ದಾರಿಗೆ ಬೇರೆ ತಂತಿ ಬೇಡವಂತೆ,
ಗಾಡಿಯ ಮೈಯೇ ಸಾಕು; ಬಣ್ಣ ಕೆರೆದು ಬೋಲ್ಟು ಬಿಗಿ ಅಂದಿದ್ದ.
ಬಣ್ಣದ ಮೇಲೇ ಬಿಗಿದಿದ್ದೆ.
ಒಂದು ಗಂಟೆ ಬಲ್ಬನ್ನು ಬೈದೆ, ಬಲ್ಬು ಮಾರಿದವನನ್ನು ಬೈದೆ.
ಕೆರೆದೆ.
ಹತ್ತಿತು.

ಹತ್ತಿತು ಅಂದರೆ, ಇಂಜಿನ್ನು ಕೂಗಿದಷ್ಟು ಬೆಳಕು.
ಥ್ರಾಟಲಿನ ಒಂದು ತುದಿಗೆ ಮೊಲದ ಚಿತ್ರ, ಇನ್ನೊಂದಕ್ಕೆ ಆಮೆ.
ಮೊಲದ ಕಡೆ ತಳ್ಳಿದರೆ ಬೇಲಿಯ ತನಕ ಹಗಲು,
ಆಮೆಯ ಕಡೆ ಎಳೆದರೆ ಎಣ್ಣೆ ತೀರಿದ ಹಣತೆ.
ಬ್ಯಾಟರಿಯಿಂದ ಸಾಲ ತರುವ ದೀಪವಲ್ಲ ಇದು,
ಆ ಕ್ಷಣ ದುಡಿದದ್ದು ಆ ಕ್ಷಣಕ್ಕೆ.
ದಿನಗೂಲಿಯ ಬೆಳಕು.

ಒಂಬತ್ತಕ್ಕೆ ಹೊರಟೆ. ಪತಂಗಗಳು ಹಲ್ಲಿಗೆ ಬಡಿದವು,
ಬೀದಿಯಾಚೆ ಯಾರೋ ಪರದೆ ಸರಿಸಿದರು.
ನಾಲ್ಕು ಸುತ್ತು ಆನೆಯ ಮೇಲೆ ಕೂತವಳ ಹಾಗೆ.
ಐದನೇ ಸುತ್ತಿಗೆ, ಬೆಳಕಿನ ಅಂಚಿನಲ್ಲಿ
ಒಂದು ಹಿಡಿ ಹುಲ್ಲು ಉಸಿರಾಡಿತು.

ನೋಡೋಣವೆಂದು ಆಮೆಯ ಕಡೆ ಎಳೆದೆ, ದೀಪ ಕಂದಿತು.
ಮೊಲದ ಕಡೆ ತಳ್ಳಿದೆ, ಬೆಳಕು ಬಂತು,
ಬ್ಲೇಡೂ ಅಷ್ಟೇ ಹುರುಪಿನಲ್ಲಿ ಬಂತು.
ದೀಪದ ಬುಡದಲ್ಲಿ ಕತ್ತಲು ಅಂತಾರೆ ನಮ್ಮ ಕಡೆ.
ಈ ದೀಪದ ಬುಡದಲ್ಲಿ ನಲವತ್ತೆರಡು ಇಂಚು ಅಗಲದ ಹಲ್ಲು.

ಕೀಲಿ ತಿರುಗಿಸಿದೆ. ಇಂಜಿನ್ನಿನ ಜೊತೆಗೇ ದೀಪವೂ ಹೋಯಿತು.
ಮಂಡಿಯೂರಿ ಬೆರಳಲ್ಲಿ ಹುಡುಕಿದೆ:
ಒಣಹುಲ್ಲು, ತಾಯಿ ತನ್ನೆದೆಯಿಂದ ಕಿತ್ತು ಹೊದಿಸಿದ ತುಪ್ಪಳ,
ಕೆಳಗೆ ಹೆಬ್ಬೆರಳಷ್ಟು ಬಿಸಿ,
ಅದಕ್ಕೆ ಒತ್ತಿಕೊಂಡು ಇನ್ನೊಂದು ಬಿಸಿ.
ಎಣಿಸಲಿಲ್ಲ.

"ಏನು, ಫ್ಯೂಸು ಹೋಯ್ತಾ?" ಕತ್ತಲಿನಿಂದ ಹ್ರೂಸ್ಕಾ.
"ಇಲ್ಲ, ನಿನ್ನ ಕಪ್ಪು ತಂತಿ ಸರಿಯಾಗಿದೆ" ಅಂದೆ.
ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಬೇಲಿಯ ಎರಡು ಕಡೆ
ಸುಮ್ಮನೆ ಜೀರುಂಡೆ ಕೇಳಿದೆವು.

ಈಗ ಬೋಳು ಅಂಗಳದ ನಡುವೆ ಮೊರದಗಲ ಕಾಡು.
ಮೂರನೇ ಚೀಟಿ ಬಂದರೆ ಬರಲಿ.
ಅಳತೆಕೋಲಿನವನು ಬರುವುದು ಹಗಲಲ್ಲಿ.
ಆ ಮೊಲವೂ ನಾನೂ
ಆ ಹೊತ್ತಿಗೆ ಮನೆಯಲ್ಲಿರುವುದಿಲ್ಲ.